ಮಾವ ಹೇಳಿದ್ದರು, ಚೀಲ ಬಿಟ್ಟುಬಿಡು ಅಂತ

ಮಾವ ಛತ್ರಿಯನ್ನು ಯಾವಾಗಲೂ ಎಡಗೈಯಲ್ಲೇ ಹಿಡಿಯುತ್ತಿದ್ದರು. ತರಕಾರಿ ಚೀಲವೂ ಎಡಗೈಗೇ. ಕುಂದಾಪುರದಿಂದ ಮುಂಬೈಯ ಚೆಂಬೂರಿನಲ್ಲಿದ್ದ ಅವರ ಹೋಟೆಲಿಗೆ ಬಂದ ಹೊಸದರಲ್ಲಿ, ಬಲಗೈ ನೋವಿರಬೇಕು ಅಂದುಕೊಂಡಿದ್ದೆ. ಗಲ್ಲಾದಲ್ಲಿ ಕೂರಲು ಶುರು ಮಾಡಿದ ಮೇಲೆ ಗೊತ್ತಾಯಿತು. ಅವರ ಸೊಂಟದ ಬಲಗಡೆ, ಅಂಗಿಯ ಒಳಗೆ, ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ರಿವಾಲ್ವರ್ ಇರುತ್ತಿತ್ತು. ಆರು ಗುಂಡಿನದು.

ಅದು 1998. ಮುಂಬೈಯಲ್ಲಿ ನಮ್ಮ ಹೋಟೆಲಿನವರಿಗೆ ಫೋನ್ ರಿಂಗಾದರೂ ಎದೆ ಹೊಡೆದುಕೊಳ್ಳುತ್ತಿದ್ದ ಕಾಲ. ಹಿಂದಿನ ವರ್ಷ ಆಗಸ್ಟಿನಲ್ಲಷ್ಟೇ ಕ್ಯಾಸೆಟ್ ಕಂಪನಿ ಟಿ-ಸೀರೀಸ್‌ನ ಮಾಲೀಕ ಗುಲ್ಶನ್ ಕುಮಾರ್ ಅವರನ್ನು ಅಂಧೇರಿಯಲ್ಲಿ ಹಾಡಹಗಲೇ ಗುಂಡಿಟ್ಟು ಕೊಂದಿದ್ದರು. ಮಾವನಿಗೂ ಭೂಗತ ಲೋಕದ 'ಭಾಯಿ' ಹೆಸರಲ್ಲಿ ದುಡ್ಡಿಗಾಗಿ ಎರಡು ಸಲ ಬೆದರಿಕೆ ಫೋನ್ ಬಂದಿತ್ತು. ಪೊಲೀಸರಿಗೆ ದೂರು ಕೊಟ್ಟು, ತಿಂಗಳುಗಟ್ಟಲೆ ಓಡಾಡಿ ಲೈಸೆನ್ಸ್ ಮಾಡಿಸಿಕೊಂಡಿದ್ದರು.

ಜುಲೈ ತಿಂಗಳ ಒಂದು ರಾತ್ರಿ. ಹೋಟೆಲ್ ಮುಚ್ಚಿ, ದಿನದ ವ್ಯಾಪಾರದ ದುಡ್ಡಿನ ಚೀಲ ನನ್ನ ಬಗಲಲ್ಲಿಟ್ಟುಕೊಂಡು, ಇಬ್ಬರೂ ಮನೆಗೆ ನಡೆದು ಹೊರಟಿದ್ದೆವು. ಮಳೆ ಜೋರಾಗಿತ್ತು. ನನ್ನ ಗಮನವೆಲ್ಲ ನೀರು ನಿಂತ ಗುಂಡಿಗಳ ಮೇಲೆ. ಮಾವ ಇದ್ದಕ್ಕಿದ್ದಂತೆ ಮೆಲ್ಲಗೆ ಹೇಳಿದರು: "ಮಾಣಿ, ಆಚೆ ಬದಿಗೆ ದಾಟು. ಮುಂದೆ ಇಬ್ಬರು ನಿಂತಿದ್ದಾರೆ. ಹಿಂದೆಯೇ ಅಂಗಡಿ ಚಾವಣಿ ಇದೆ, ಆದರೂ ಮಳೆಯಲ್ಲಿ ನೆನೀತಾ ಇದ್ದಾರೆ."

ದಾಟಿದೆವು. ಅವರೂ ದಾಟಿದರು.

"ಚೀಲ ಕೇಳಿದರೆ ಬಿಟ್ಟುಬಿಡು," ಅಂದರು ಮಾವ. ಛತ್ರಿಯನ್ನು ನೆಲಕ್ಕೆ ಬಿಟ್ಟರು. ಹೊಸ ಛತ್ರಿ ಅದು. ಯಾಕೆ ಬಿಟ್ಟರು ಅಂತ ನಾನು ಯೋಚಿಸುತ್ತಿರುವಾಗಲೇ ಒಬ್ಬ ಓಡಿ ಬಂದು ಚೀಲಕ್ಕೆ ಕೈ ಹಾಕಿದ. ಅವನ ಇನ್ನೊಂದು ಕೈಯಲ್ಲಿ ಚಾಪರ್, ಅಂದರೆ ಮಾಂಸ ಕಡಿಯುವಂಥ ದಪ್ಪ ಕತ್ತಿ, ಇತ್ತು.

ನಾನು ಚೀಲ ಬಿಡಲಿಲ್ಲ. ಅದು ಧೈರ್ಯ ಅಲ್ಲ. ಮೈ ಕಲ್ಲಾಗಿತ್ತು. ಬೆರಳು ಬಿಚ್ಚಬೇಕು ಅಂತ ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಅವನು ಎಳೆದ, ನಾನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ. ಅವನ ಕೈ ಮೇಲಕ್ಕೆ ಹೋಯಿತು.

"ಮಾಗೇ ಹೋ!" ಹಿಂದೆ ಸರಿ ಅಂತ ಮಾವ ಮರಾಠಿಯಲ್ಲಿ ಕೂಗಿದ್ದು ಇಡೀ ಬೀದಿಗೆ ಕೇಳಿಸಿರಬೇಕು. ರಿವಾಲ್ವರ್ ಅವನ ಎದೆಗೆ ನೇರವಾಗಿತ್ತು. ಅವನು ಅದನ್ನು ನೋಡಲಿಲ್ಲ, ಮಾವನ ಮುಖ ನೋಡಿದ. ಅಲ್ಲಿ ಏನು ಕಂಡಿತೋ, ಚೀಲ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ, ಓಡಿದ. ಜೊತೆಯವನು ಆಗಲೇ ಓಡಿಯಾಗಿತ್ತು. ಮಾವ ಅಟ್ಟಿಸಿಕೊಂಡು ಹೋಗಲಿಲ್ಲ, ಬೆನ್ನಿಗೆ ಗುಂಡು ಹಾರಿಸಲಿಲ್ಲ. ಅಲ್ಲಿಂದಲೇ ಪೊಲೀಸ್ ಠಾಣೆಗೆ ನಡೆದು ಬರೆಸಿಕೊಟ್ಟೆವು. ಅಲ್ಲಿ ಗುಂಡು ಎಣಿಸಿದರು. ಆರಕ್ಕೆ ಆರೂ ಇದ್ದವು.

ಮನೆಗೆ ಬಂದ ಮೇಲೆ ಮಾವನಿಗೆ ನೀರಿನ ಲೋಟ ಹಿಡಿಯಲು ಆಗಲಿಲ್ಲ, ಅಷ್ಟು ನಡುಕ. ಬೈಯಲಿಲ್ಲ. ಇಷ್ಟೇ ಹೇಳಿದರು: "ನೀನು ಚೀಲ ಬಿಟ್ಟಿದ್ದರೆ ನಾನು ಇದನ್ನ ತೆಗೀತಿರಲಿಲ್ಲ. ದುಡ್ಡಿಗೆ ಅಂತ ಒಬ್ಬನ ಜೀವ ತೆಗೆಯೋದಿಲ್ಲ ಅಂತ ನಾನು ಲೈಸೆನ್ಸ್ ಬಂದ ದಿನವೇ ತೀರ್ಮಾನ ಮಾಡಿದ್ದೆ. ನಮ್ಮವರ ಜೀವಕ್ಕೆ ಬಂದರೆ ಹೊಡೀತೇನೆ ಅಂತಲೂ ಮಾಡಿದ್ದೆ. ಇವತ್ತು ಹೊಡೀತಿದ್ದೆ ಮಾಣಿ."

ಆ ಮಾತು ನನ್ನನ್ನು ಬಹಳ ವರ್ಷ ಕಾಡಿತು. ನನ್ನ ಬೆರಳು ಬಿಚ್ಚದೇ ಇದ್ದುದಕ್ಕೆ ಮಾವ ಒಂದು ಕೊಲೆಯ ಅಂಚಿಗೆ ಹೋಗಿ ಬಂದಿದ್ದರು. ಕಾನೂನು ಬಹುಶಃ ಅವರ ಪರವಾಗಿಯೇ ಇರುತ್ತಿತ್ತು. ಆಗಿನ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನವು. ಸಾವು ಅಥವಾ ತೀವ್ರ ಗಾಯದ ಭಯ ನಿಜವಾಗಿದ್ದರೆ ಎದುರಾಳಿಯನ್ನು ಕೊಲ್ಲುವವರೆಗೂ ಆ ಹಕ್ಕು ಹೋಗುತ್ತದೆ. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ 34ರಿಂದ 44ರವರೆಗೆ ಇದೇ ಇದೆ. ಕೋರ್ಟು ಬಿಟ್ಟರೂ ಮಾವನ ಮನಸ್ಸು ಅವರನ್ನು ಬಿಡುತ್ತಿತ್ತಾ?

ಆಮೇಲೆ ಈ ವಿಷಯ ಸಿಕ್ಕಲ್ಲೆಲ್ಲ ಓದಿದೆ. ಅಮೆರಿಕದ ಜೆಫ್ ಕೂಪರ್ ಅನ್ನುವ ಮಾಜಿ ಸೈನಿಕ ಮನಸ್ಸಿನ ಸ್ಥಿತಿಗೆ ನಾಲ್ಕು ಬಣ್ಣ ಕೊಟ್ಟಿದ್ದರು. ಬಿಳಿ ಅಂದರೆ ಮೈಮರೆವು. ಹಳದಿ ಅಂದರೆ ಸುಮ್ನೆ ಎಚ್ಚರ, ಗಾಬರಿ ಇಲ್ಲ. ಕಿತ್ತಳೆ ಅಂದರೆ ಯಾರ ಮೇಲೋ ಅನುಮಾನ ಬಂದಾಗಿದೆ. ಕೆಂಪು ಅಂದರೆ ಹೋರಾಟಕ್ಕೆ ಮನಸ್ಸು ಸಿದ್ಧ. ಆ ರಾತ್ರಿ ನಾನು ಬಿಳಿಯಲ್ಲಿದ್ದೆ. ಮಾವ ನೆನೆಯುತ್ತಿದ್ದ ಇಬ್ಬರನ್ನು ಕಂಡಾಗಲೇ ಕಿತ್ತಳೆಗೆ ಹೋಗಿದ್ದರು. ಛತ್ರಿ ಬಿಟ್ಟಾಗ ಕೆಂಪು. ಡೆನಿಸ್ ಟ್ಯುಲರ್ ಎಂಬ ಅಮೆರಿಕದ ಪೊಲೀಸ್ 1983ರಲ್ಲಿ ಬರೆದದ್ದು ಓದಿದಾಗಂತೂ ಬೆನ್ನು ತಣ್ಣಗಾಯಿತು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ. ಸೊಂಟದ ಪಿಸ್ತೂಲು ತೆಗೆದು ಹೊಡೆಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ರಸ್ತೆ ದಾಟಿ ಮಾವ ಗಳಿಸಿಕೊಂಡದ್ದು ಆ ಒಂದೆರಡು ಸೆಕೆಂಡು.

ಮಾವ ಹೋಗಿ ಕೆಲವು ವರ್ಷವಾಯಿತು. ಲೈಸೆನ್ಸುದಾರ ತೀರಿಕೊಂಡರೆ ಆಯುಧ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಒಪ್ಪಿಸಬೇಕು. ಅತ್ತೆಯ ಜೊತೆ ನಾನೇ ಠಾಣೆಗೆ ಹೋದೆ. ದಾರಿಯಲ್ಲಿ ಅತ್ತೆ ಕೇಳಿದರು, "ನಿನ್ನ ಹೆಸರಲ್ಲಿ ಲೈಸೆನ್ಸಿಗೆ ಅರ್ಜಿ ಹಾಕ್ತೀಯಾ? ನಿಂಗೆ ಬೇಕಾ ಇದು?"

ಮಾವ ಮಾಡಿಕೊಂಡಿದ್ದ ಆ ಎರಡು ತೀರ್ಮಾನಗಳಲ್ಲಿ ಮೊದಲನೆಯದನ್ನು ನಾನು ಮಾಡಿಯಾಗಿತ್ತು. ಎರಡನೆಯದು ಇನ್ನೂ ಆಗಿರಲಿಲ್ಲ.

"ಬೇಡ ಅತ್ತೆ," ಅಂದೆ.