ಹಾರುವುದಲ್ಲ, ಐಸ್ ಮೇಲೆ ಉರುಳುವುದೇ ಕಷ್ಟ

ಕೆನಡಾದಲ್ಲಿ ಪೈಲಟ್ ಅಂದ ಕೂಡಲೇ ಊರಿನವರು ಕೇಳುವುದು ಹಿಮ ಸುರಿಯುವಾಗ ಹೇಗೆ ಹಾರಿಸ್ತೀರಿ ಅಂತ. ನಿಜ ಹೇಳಬೇಕೆಂದರೆ, ಚಳಿಗಾಲದಲ್ಲಿ ನನಗೆ ಎದೆ ಡವಡವ ಅನ್ನುವುದು ನೆಲದ ಮೇಲೆ. ಗೇಟ್ ಬಿಟ್ಟು ರನ್‌ವೇ ಸೇರುವ ಆ ಒಂದೆರಡು ಕಿಲೋಮೀಟರ್ ಇದೆಯಲ್ಲ, ಅಲ್ಲಿ.

ನಾನು ಬೋಯಿಂಗ್ 737ರ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ನೆಲದಲ್ಲಿ ವಿಮಾನ ತಿರುಗಿಸುವವರು ಕ್ಯಾಪ್ಟನ್. ಅವರ ಎಡಗೈ ಹತ್ತಿರ ಟಿಲ್ಲರ್ ಅಂತ ಒಂದು ಪುಟ್ಟ ಹಿಡಿಕೆ ಇರುತ್ತದೆ. ಮೂತಿಯ ಕೆಳಗಿನ ಚಕ್ರ ಅದರ ಮಾತು ಕೇಳುತ್ತದೆ. ಐಸ್ ಮೇಲೆ ಮಾತ್ರ ಚಕ್ರ ತಿರುಗಿದರೂ ವಿಮಾನ ನೆಟ್ಟಗೆ ಹೋಗುತ್ತಲೇ ಇರುತ್ತದೆ. ಭಾರವೆಲ್ಲ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲೆ, ಮೂತಿ ಚಕ್ರ ನೆಲವನ್ನು ಒತ್ತುವುದೇ ಕಡಿಮೆ. ಗಾಬರಿಯಾಗಿ ಟಿಲ್ಲರ್ ಇನ್ನಷ್ಟು ತಿರುಗಿಸಿದರೆ ಮುಗೀತು, ಅಡ್ಡ ತಿರುಗಿದ ಚಕ್ರ ಹಾಗೇ ಜಾರುತ್ತಾ ಹೋಗುತ್ತದೆ. ಮಾಡಬೇಕಾದದ್ದು ಉಲ್ಟಾ. ಟಿಲ್ಲರ್ ಸ್ವಲ್ಪ ಸಡಿಲಿಸಿ, ಚಕ್ರಕ್ಕೆ ಮತ್ತೆ ಹಿಡಿತ ಸಿಗುವವರೆಗೆ ಕಾಯಬೇಕು. ಬೇಕಿದ್ದರೆ ತಿರುವಿನ ಒಳಬದಿಯ ಬ್ರೇಕ್ ಒಂಚೂರು, ಹೊರಬದಿಯ ಎಂಜಿನ್ ಒಂಚೂರು. ಹುಲ್ಲುಹಾಸಿನ ಅಂಚು ಹತ್ತಿರ ಬರುತ್ತಿರುವಾಗ ಸುಮ್ನೆ ಕಾಯುವುದು ಸುಲಭವಲ್ಲ.

ಅದಕ್ಕೇ ತಿರುವು ಬರುವ ಮುಂಚೆ, ನೇರ ದಾರಿಯಲ್ಲೇ ವೇಗ ಇಳಿಸಿಬಿಡುತ್ತೇವೆ. 5 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್‌ಗೆ. ಹೊರಗೆಲ್ಲ ಬಿಳಿ, ಕಣ್ಣಿಗೆ ಗುರುತು ಸಿಗುವುದಿಲ್ಲ, ಇರುವುದಕ್ಕಿಂತ ನಿಧಾನ ಅನ್ನಿಸುತ್ತದೆ. ಹಾಗಾಗಿ ಸ್ಕ್ರೀನ್ ನೋಡಿ ವೇಗ ಹೇಳುತ್ತಾ ಇರುವುದು ನನ್ನ ಕೆಲಸ. ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಆಂಟಿ-ಸ್ಕಿಡ್ ಬ್ರೇಕ್ ಇದೆ, ಆದರೆ ಇಷ್ಟು ಕಡಿಮೆ ವೇಗದಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ. ಎಂಜಿನ್ ಐಡಲ್‌ನಲ್ಲಿ, ಅಂದರೆ ಅತಿ ಕಡಿಮೆ ಶಕ್ತಿಯಲ್ಲಿದ್ದರೂ ತಳ್ಳುತ್ತಲೇ ಇರುತ್ತದೆ. ಅಡ್ಡ ಗಾಳಿ ಬೀಸಿದರೆ ದೊಡ್ಡ ಬಾಲಕ್ಕೆ ಹೊಡೆದು, ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸಲು ನೋಡುತ್ತದೆ.

ಮೈನಸ್ 25 ಡಿಗ್ರಿ ಅಂದರೆ ನೀವು ಹೆದರುತ್ತೀರಿ. ನಾವು ಹೆದರುವುದು ಸೊನ್ನೆಯ ಆಸುಪಾಸಿಗೆ. ಐಸ್ ಮೇಲೆ ತೆಳ್ಳಗೆ ನೀರು ನಿಂತರೆ ಅದರಷ್ಟು ಜಾರುವುದು ಬೇರೆ ಇಲ್ಲ. ರನ್‌ವೇ ಎಷ್ಟು ಹಿಡಿತ ಕೊಡುತ್ತದೆ ಅಂತ ಅಂಕಿಯಲ್ಲಿ ಹೇಳುವ, 2021ರಿಂದ ಬಳಕೆಗೆ ಬಂದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಒಣ ರನ್‌ವೇಗೆ 6, ಐಸ್‌ಗೆ 1, ಒದ್ದೆ ಐಸ್‌ಗೆ 0. ತೀರಾ ಚಳಿಯಲ್ಲಿ, ಅಂದರೆ ಮೈನಸ್ 15ಕ್ಕಿಂತ ಕೆಳಗೆ, ಒತ್ತಿ ಗಟ್ಟಿಯಾದ ಹಿಮಕ್ಕೆ 4 ಸಿಗುತ್ತದೆ! ಆದರೆ ಈ ಅಂಕಿ ರನ್‌ವೇಗಷ್ಟೇ. ಗೇಟ್‌ನಿಂದ ರನ್‌ವೇಗೆ ಹೋಗುವ ದಾರಿ, ಅಂದರೆ ಟ್ಯಾಕ್ಸಿವೇ ಬಗ್ಗೆ ಬರುವುದು ಬರೀ ವಿವರಣೆ, ಉಳಿದದ್ದು ನಮ್ಮ ಅಂದಾಜು.

ನೆಲದ ಮೇಲೆ ಮಾಡಿದ ಎಡವಟ್ಟು ಆಕಾಶಕ್ಕೂ ಬರುತ್ತದೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ 737 ಗೇಟ್‌ನಿಂದ ಹಿಂದೆ ಸರಿಯಲಿಲ್ಲ. ವಿಮಾನ ತಳ್ಳುವ ವಾಹನ, ಅಂದರೆ ಟಗ್‌ನ ಚಕ್ರಕ್ಕೆ ಚೈನ್ ಇರಲಿಲ್ಲ, ಐಸ್ ಮೇಲೆ ಜಾರಿತು. ಪೈಲಟ್‌ಗಳು ಎಂಜಿನ್ ಬಲವನ್ನು ಹಿಮ್ಮುಖ ಮಾಡುವ ರಿವರ್ಸ್ ಥ್ರಸ್ಟ್ ಹಾಕಿ ನೋಡಿದರು, ಆಗಲಿಲ್ಲ. ಕೊನೆಗೆ ಚೈನ್ ಇದ್ದ ಇನ್ನೊಂದು ಟಗ್ ತಳ್ಳಿತು. ಆಮೇಲೆ ಮುಂದಿದ್ದ ವಿಮಾನದ ಬೆನ್ನಿಗೇ ಹೋಗಿ ನಿಂತರು, ಅದರ ಬಿಸಿಗಾಳಿಗೆ ತಮ್ಮ ಹಿಮ ಕರಗಲಿ ಅಂತ. ಎಂಜಿನ್‌ನಲ್ಲಿ ಐಸ್ ಕಟ್ಟದಂತೆ ಬಿಸಿ ಮಾಡುವ ಆಂಟಿ-ಐಸ್ ಹಾಕಿರಲಿಲ್ಲ. ಮೇಲೆದ್ದ ಕೆಲವೇ ಕ್ಷಣದಲ್ಲಿ ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದವರೂ ಸೇರಿ 78 ಜನ ಸತ್ತರು. ಅದಕ್ಕೇ ಮುಂದಿನ ವಿಮಾನದಿಂದ ನಾವು ದೂರ ನಿಲ್ಲುತ್ತೇವೆ. ಅದರ ಬಿಸಿಗಾಳಿಗೆ ಕರಗಿದ್ದು ನಮ್ಮ ರೆಕ್ಕೆ ಮೇಲೆ ಮತ್ತೆ ಹೆಪ್ಪುಗಟ್ಟಬಹುದು.

ಗೇಟ್‌ಗೆ ವಾಪಸ್ ಬಂದರೂ ಕೆಲಸ ಮುಗಿಯುವುದಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿದ್ದರೂ ಇಡೀ ವಿಮಾನ ಮೆಲ್ಲಗೆ ಜಾರಬಹುದು. ಕೆಳಗಿನವರು ಚಕ್ರಕ್ಕೆ ಅಡ್ಡಕಟ್ಟೆ ಇಡುವವರೆಗೂ ಕಾಲು ಬ್ರೇಕ್ ಮೇಲೆ, ಕಣ್ಣು ಹೊರಗೆ. ಅಷ್ಟರಲ್ಲಿ ಹಿಂದೆ ಪ್ರಯಾಣಿಕರು ಬೆಲ್ಟ್ ಬಿಚ್ಚಿ, ಬ್ಯಾಗ್ ಇಳಿಸಿ, ನಿಂತೇ ಇರುತ್ತಾರೆ. ಇದು ಮಾತ್ರ ಎಲ್ಲ ದೇಶದಲ್ಲೂ ಒಂದೇ, ಅಲ್ವಾ?