ಹಣ್ಣಿನ ಬ್ಲ್ಯಾಕ್ ಟೀ: ಘಮ ಹಣ್ಣಿಂದು, ಗುಣ ಎಲೇದು

ಹಣ್ಣಿನ ಫ್ಲೇವರ್ ಇರೋ ಬ್ಲ್ಯಾಕ್ ಟೀ ಅಂದ ತಕ್ಷಣ ಎಲ್ರೂ ಕೇಳೋದು ಯಾವ ಹಣ್ಣು ಅಂತ. ಪೀಚಾ, ನಿಂಬೆನಾ, ಲಿಚಿನಾ, ಬೆರ್ರಿನಾ ಅಂತ. ನಾನಂತೂ ಮೊದಲು ಎಲೆ ನೋಡ್ತೀನಿ, ಎಲೆ ಸರಿ ಇಲ್ಲದೆ ಹೋದ್ರೆ ಯಾವ ಹಣ್ಣು ಹಾಕಿದ್ರೂ ಕುಡಿಯೋಕೆ ಸಿಗೋದು ಬರೀ ಸೆಂಟ್ ಹಾಕಿದ ಬಿಸಿನೀರು ಅಷ್ಟೇ. ಈ ಟೀಲಿ ದೇಹಕ್ಕೆ ಒಳ್ಳೇದು ಅಂತ ಏನು ಹೇಳ್ತಾರೋ ಅದು ಹೆಚ್ಚುಕಮ್ಮಿ ಎಲ್ಲಾ ಎಲೆಯಿಂದಲೇ ಬರೋದು. ಹಣ್ಣು ಮಾಡೋ ಉಪಕಾರ ಬೇರೆ ಥರದ್ದು, ಅದನ್ನ ಮುಂದೆ ಹೇಳ್ತೀನಿ.

ಇನ್ನೊಂದು ವಿಷ್ಯ ಮೊದಲೇ ಹೇಳಿಬಿಡ್ಬೇಕು. ಫ್ರೂಟ್ ಟೀ ಅಂತ ಹೆಸರಿಟ್ಟು ಮಾರೋ ಎಷ್ಟೋ ಪ್ಯಾಕೆಟ್‌ಗಳಲ್ಲಿ ಟೀ ಎಲೆನೇ ಇರಲ್ಲ, ದಾಸವಾಳದ ಜಾತಿಯ ಒಣ ಹೂವು, ಒಣಗಿಸಿದ ಸೇಬಿನ ಚೂರು, ಕಾಡುಗುಲಾಬಿ ಕಾಯಿ ಇಂಥದ್ದೇ ಇರುತ್ತೆ, ಕೆಂಪಗೆ ಹುಳಿಹುಳಿಯಾಗಿ ಚೆನ್ನಾಗೇ ಇರುತ್ತೆ, ಕೆಫೀನ್ ಇರಲ್ಲ, ಆದ್ರೆ ಅದು ಬೇರೆ ಪಾನೀಯ. ಪ್ಯಾಕೆಟ್ ಹಿಂದೆ ಇರೋ ಪಟ್ಟಿಯಲ್ಲಿ ಮೊದಲ ಹೆಸರು ಬ್ಲ್ಯಾಕ್ ಟೀ ಅಂತ ಇದ್ರೆ ಮಾತ್ರ ಇಲ್ಲಿ ಹೇಳ್ತಿರೋದು ಅದಕ್ಕೆ ಅನ್ವಯ.

ಟೀಗೆ ಹಣ್ಣು ಸೇರಿಸೋದು ಹೊಸ ಫ್ಯಾಷನ್ ಅಂದ್ಕೊಂಡಿರೋರು ತುಂಬಾ ಜನ. ನಿಜ ನೋಡಿದ್ರೆ ಬ್ಲ್ಯಾಕ್ ಟೀ ಹುಟ್ಟೋದಕ್ಕೆ ಎಷ್ಟೋ ಮುಂಚೆಯಿಂದ ಚೀನಾದಲ್ಲಿ ಟೀಗೆ ಏನೇನೋ ಹಾಕಿ ಕುದಿಸ್ತಿದ್ರು. 8ನೇ ಶತಮಾನದಲ್ಲಿ ಟೀ ಬಗ್ಗೆ ಮೊದಲ ದೊಡ್ಡ ಗ್ರಂಥ ಬರೆದ ಲು ಯು ಅನ್ನೋ ವಿದ್ವಾಂಸ, ಈರುಳ್ಳಿ, ಶುಂಠಿ, ಬೋರೆ ಜಾತಿಯ ಹಣ್ಣು, ಕಿತ್ತಳೆ ಸಿಪ್ಪೆ, ಪುದೀನ ಎಲ್ಲಾ ಹಾಕಿ ಕುದಿಸಿದ ಟೀನ ಚರಂಡಿಗೆ ಚೆಲ್ಲೋ ನೀರು ಅಂತ ಬೈದಿದಾನೆ. 11ನೇ ಶತಮಾನದಲ್ಲಿ ಸಾಂಗ್ ರಾಜವಂಶದ ಅಧಿಕಾರಿ ತ್ಸಾಯ್ ಶಿಯಾಂಗ್ ಕೂಡ, ಟೀಗೆ ಅದರದ್ದೇ ನಿಜವಾದ ಘಮ ಇದೆ, ಹಣ್ಣು ಸೊಪ್ಪು ಬೆರೆಸಿದ್ರೆ ಅದು ಹೊರಟು ಹೋಗುತ್ತೆ ಅಂತ ಬರೆದಿದ್ದಾನೆ. ಇಷ್ಟು ದೊಡ್ಡೋರು ಬೇಡ ಅಂದ್ರೂ ಜನ ಬಿಡ್ಲಿಲ್ಲ ನೋಡಿ. ಆದ್ರೆ ಅವರು ಹೇಳಿದ ಮಾತಲ್ಲಿ ಒಂದು ಭಾಗ ಇವತ್ತಿಗೂ ಸರಿನೇ, ಎಲೆಯ ಘಮನ ಹಣ್ಣು ನುಂಗಿಹಾಕಬಾರದು.

ಬ್ಲ್ಯಾಕ್ ಟೀ ಅನ್ನೋದು ಬಂದದ್ದು 17ನೇ ಶತಮಾನದ ಹೊತ್ತಿಗೆ, ಚೀನಾದ ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳ ಕಡೆಯಿಂದ. ಕಿತ್ತ ಎಲೆನ ಬಾಡಿಸಿ, ಹೊಸಕಿ, ಗಾಳಿಗೆ ಬಿಡ್ತಾರೆ, ಎಲೆಯೊಳಗಿನ ಎಂಜೈಮ್‌ಗಳು ಹಸಿ ಎಲೆಲಿರೋ ಕ್ಯಾಟೆಚಿನ್ ಅನ್ನೋ ವಸ್ತುಗಳನ್ನ ಬದಲಾಯಿಸಿ ಥಿಯಾಫ್ಲೇವಿನ್, ಥಿಯಾರುಬಿಗಿನ್ ಅನ್ನೋ ವಸ್ತುಗಳನ್ನ ಮಾಡ್ತವೆ, ಆ ಕೆಂಪು ಕಂದು ಬಣ್ಣ, ಆ ಒಗರು, ಆ ಗಟ್ಟಿತನ ಎಲ್ಲಾ ಅದರಿಂದಲೇ. ಈ ಗಟ್ಟಿತನ ಇರೋದ್ರಿಂದಲೇ ಬ್ಲ್ಯಾಕ್ ಟೀ ಹಣ್ಣಿನ ಹುಳಿ ಸಿಹಿ ಎರಡನ್ನೂ ತಾಳ್ಕೊಳ್ಳುತ್ತೆ. ಗ್ರೀನ್ ಟೀಗೆ ಅದೇ ಪ್ರಮಾಣದ ಕಿತ್ತಳೆ ಹಾಕಿ ನೋಡಿ, ಟೀ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತೆ. ಚೀನಾದ ಗುವಾಂಗ್‌ಡಾಂಗ್ ಕಡೆ ಲಿಚಿ ಬೆಳೆಯೋ ಜಾಗದಲ್ಲಿ ಲಿಚಿ ಬ್ಲ್ಯಾಕ್ ಟೀ ಅಂತಲೇ ಒಂದಿದೆ, ಹಣ್ಣಿನ ಸುವಾಸನೆನ ಒಣ ಎಲೆ ಹೀರ್ಕೊಳ್ಳೋ ಹಾಗೆ ಮಾಡಿರ್ತಾರೆ. ಸಕ್ಕರೆ ಒಂದು ಚಿಟಿಕೆನೂ ಬೇಡ, ನಾಲಿಗೆಗೆ ಸಿಹಿ ಅಂತಲೇ ಅನ್ಸುತ್ತೆ.

ಯುರೋಪಿನ ಕಥೆ ಬೇರೆ. ಅಲ್ಲಿ ಎಲ್ರಿಗೂ ಗೊತ್ತಿರೋದು ಅರ್ಲ್ ಗ್ರೇ, ಬರ್ಗಮಾಟ್ ಅನ್ನೋ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಹಾಕಿದ ಟೀ. ಆ ಹಣ್ಣು ಹೆಚ್ಚಾಗಿ ಬೆಳೆಯೋದು ಇಟಲಿಯ ತುತ್ತತುದಿಯ ಕಲಾಬ್ರಿಯಾದಲ್ಲಿ. 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇಗೆ ಚೀನಾದ ಅಧಿಕಾರಿಯೊಬ್ಬ ಈ ರೆಸಿಪಿ ಕಾಣಿಕೆ ಕೊಟ್ಟ ಅನ್ನೋ ಕಥೆ ಎಲ್ಲಾ ಕಡೆ ಓಡಾಡುತ್ತೆ, ಅದಕ್ಕೆ ಆಧಾರ ಇಲ್ಲ, ಗ್ರೇ ಚೀನಾಗೆ ಹೋದೋನೂ ಅಲ್ಲ. ಆಧಾರ ಇರೋದು ಇನ್ನೊಂದು ಕಥೆಗೆ. 19ನೇ ಶತಮಾನದ ಮೊದಲರ್ಧದಲ್ಲೇ ಇಂಗ್ಲೆಂಡಲ್ಲಿ ಸಾಧಾರಣ ಟೀಗೆ ಬರ್ಗಮಾಟ್ ಘಮ ಹಚ್ಚಿ ಮೇಲ್ದರ್ಜೆಯ ಟೀ ಥರ ಮಾರ್ತಿದ್ರು ಅಂತ ಆಗಿನ ಬರಹಗಳಲ್ಲೇ ದೂರುಗಳಿವೆ, ಗ್ರೇ ಹೆಸರು ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಕಳಪೆ ಎಲೆನ ಮುಚ್ಚೋಕೆ ಘಮ ಬಳಸೋ ಬುದ್ಧಿ ಅಂದ್ರೆ ಇವತ್ತಿಂದಲ್ಲ, ಅದಕ್ಕೇ ನಾನು ಎಲೆ ಎಲೆ ಅಂತ ಹೊಡ್ಕೊಳ್ಳೋದು!

ಕಾರ್ಖಾನೆಲಿ ಈಗ ಮಾಡೋದು ಹೀಗೆ. ಒಣ ಟೀ ಎಲೆಗೆ ಅಕ್ಕಪಕ್ಕದ ವಾಸನೆ ಎಳ್ಕೊಳ್ಳೋ ಗುಣ ಇದೆ, ಅದನ್ನ ತಿರುಗೋ ದೊಡ್ಡ ಡ್ರಮ್ಮಿಗೆ ಹಾಕಿ ಫ್ಲೇವರ್ ಎಣ್ಣೆ ಸಿಂಪಡಿಸ್ತಾರೆ, ಕೊನೆಗೆ ಹಣ್ಣಿನ ಒಣ ಚೂರು, ಹೂವಿನ ಎಸಳು ಬೆರೆಸ್ತಾರೆ. ಆ ಚೂರುಗಳು ನೋಡೋಕೆ ಚಂದ, ಆದ್ರೆ ರುಚಿ ಬರೋದು ಬಹುಪಾಲು ಎಣ್ಣೆಯಿಂದಲೇ. ಹಾಗಂತ ಅದು ಕೆಟ್ಟದ್ದಲ್ಲ, ಆದ್ರೆ ಪ್ಯಾಕೆಟ್ ಮೇಲೆ ಹಣ್ಣಿನ ಚಿತ್ರ ನೋಡಿ ವಿಟಮಿನ್ ಸಿ ಸಿಗುತ್ತೆ ಅಂತ ನಂಬ್ಕೊಂಡು ಕೂರಬೇಡಿ. ನಾಲ್ಕು ಒಣ ಚೂರಲ್ಲಿ, ಅದೂ ಕುದಿನೀರು ಬಿದ್ದ ಮೇಲೆ, ಏನು ಉಳಿಯುತ್ತೆ ಹೇಳಿ?

ಹಾಗಾದ್ರೆ ಪ್ರಯೋಜನ ಏನು? ಬ್ರಿಟನ್ನಲ್ಲಿ ಸುಮಾರು 5 ಲಕ್ಷ ಜನರನ್ನ ಹತ್ತಿರ ಹತ್ತಿರ 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಟೀ ಕುಡಿಯೋರಲ್ಲಿ ಸಾವಿನ ಅಪಾಯ ಕುಡಿಯದೇ ಇರೋರಿಗಿಂತ 9ರಿಂದ 13 ಶೇಕಡ ಕಮ್ಮಿ ಕಂಡುಬಂತು, ಅವರಲ್ಲಿ ಹೆಚ್ಚಿನೋರು ಕುಡೀತಿದ್ದದ್ದು ಬ್ಲ್ಯಾಕ್ ಟೀನೇ. ಇದು ಜನರ ಅಭ್ಯಾಸ ನೋಡಿ ಬರೆದದ್ದು, ಟೀನೇ ಕಾರಣ ಅಂತ ಸಾಬೀತು ಮಾಡೋದಿಲ್ಲ, ಆದ್ರೂ ಕಡೆಗಣಿಸೋ ಮಾತಲ್ಲ. ಒಂದು ಕಪ್‌ನಲ್ಲಿ ಸುಮಾರು 40ರಿಂದ 50 ಮಿಲಿಗ್ರಾಂ ಕೆಫೀನ್, ಜೊತೆಗೆ ಎಲ್-ಥಿಯನಿನ್ ಅನ್ನೋ ಅಮೈನೋ ಆಸಿಡ್, ಎರಡೂ ಸೇರಿ ಮನಸ್ಸು ಚುರುಕಾಗುತ್ತೆ. ಹಣ್ಣಿನ ಪಾಲು ಏನಪ್ಪಾ ಅಂದ್ರೆ, ಅದು ಸಕ್ಕರೆ ಬಿಡಿಸುತ್ತೆ. ನನ್ನ ಪ್ರಕಾರ ಇದೇ ದೊಡ್ಡ ಲಾಭ. ಪೀಚ್, ಲಿಚಿ ಘಮ ಮೂಗಿಗೆ ಬಿದ್ರೆ ಬಾಯಿ ತಾನಾಗೇ ಸಿಹಿ ಅಂದ್ಕೊಳ್ಳುತ್ತೆ, ಹಾಲೂ ಬೇಕು ಅನ್ಸಲ್ಲ, ದಿನಕ್ಕೆ ಮೂರು ಕಪ್ ಕುಡಿಯೋರು ತಲಾ ಎರಡು ಚಮಚ ಸಕ್ಕರೆ ಬಿಟ್ರೆ ತಿಂಗಳಿಗೆ ಎಷ್ಟಾಯ್ತು ಲೆಕ್ಕ ಹಾಕಿ. ಬಾಟಲಿಲಿ ಬರೋ ಸಿಹಿ ಐಸ್ ಟೀಗೆ ಮಾತ್ರ ಈ ಮಾತು ಅನ್ವಯಿಸಲ್ಲ.

ಎಚ್ಚರ ಬೇಕಾದ ಕಡೆನೂ ಇದೆ. ಟೀಗೆ ಒಗರು ಕೊಡೋ ಟ್ಯಾನಿನ್‌ಗಳು ಸೊಪ್ಪು ಕಾಳುಗಳ ಕಬ್ಬಿಣಾಂಶನ ದೇಹ ಹೀರ್ಕೊಳ್ಳೋಕೆ ಅಡ್ಡಿ ಮಾಡ್ತವೆ, ರಕ್ತಹೀನತೆ ಇರೋರು ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡೀರಿ. ಗರ್ಭಿಣಿಯರಿಗೆ ದಿನಕ್ಕೆ ಒಟ್ಟು ಕೆಫೀನ್ 200 ಮಿಲಿಗ್ರಾಂ ದಾಟಬಾರದು ಅಂತಾರೆ, ಕಾಫಿ ಚಾಕಲೇಟ್ ಎಲ್ಲಾ ಸೇರಿಸಿ. ನಿಂಬೆ ಹಿಂಡಿದ ಟೀನ ಇಡೀ ದಿನ ಗುಟುಕು ಗುಟುಕಾಗಿ ಕುಡೀತಿದ್ರೆ ಹಲ್ಲಿನ ಎನಾಮಲ್ ಸವೆಯುತ್ತೆ. ಗ್ರೇಪ್‌ಫ್ರೂಟ್ ಹಾಕೋ ಮೊದಲು ನೀವು ತಗೊಳ್ಳೋ ಮಾತ್ರೆಗಳ ಬಗ್ಗೆ ಡಾಕ್ಟರ್ ಹತ್ರ ಕೇಳಿ, ಕೊಲೆಸ್ಟ್ರಾಲ್ ಕಮ್ಮಿ ಮಾಡೋ ಕೆಲವು ಮಾತ್ರೆಗಳಿಗೆ ಅದು ಆಗಿಬರಲ್ಲ. ಅರ್ಲ್ ಗ್ರೇನ ದಿನಕ್ಕೆ 4 ಲೀಟರ್‌ವರೆಗೆ ಕುಡೀತಿದ್ದ ಒಬ್ಬರಿಗೆ ಸ್ನಾಯು ಸೆಳೆತ ಬಂದು, ಅದು 2002ರಲ್ಲಿ ವೈದ್ಯಕೀಯ ಪತ್ರಿಕೆಲಿ ವರದಿಯಾಗಿತ್ತು, ಎರಡು ಮೂರು ಕಪ್ ಕುಡಿಯೋರಿಗೆ ಆ ಭಯ ಬೇಡ. ಮತ್ತೆ, ಸುಡುಸುಡು ಕುಡೀಬೇಡಿ. 65 ಡಿಗ್ರಿ ದಾಟಿದ ಬಿಸಿ ಪಾನೀಯದಿಂದ ಅನ್ನನಾಳದ ಕ್ಯಾನ್ಸರ್ ಬರೋ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಹೇಳಿದೆ.

ಈಗ ಮಾಡೋದು. ರೆಡಿ ಪ್ಯಾಕೆಟ್ ಆದ್ರೆ 200 ಮಿಲಿ ನೀರಿಗೆ 2 ಗ್ರಾಂ ಎಲೆ, ಅಂದ್ರೆ ಒಂದು ಟೀ ಚಮಚ, ಕುದಿ ಬಂದ ನೀರು ಸುರಿದು ಮುಚ್ಚಿಡಿ, 3 ನಿಮಿಷಕ್ಕೆ ಸೋಸಿ. ಮುಚ್ಚಿಡೋದು ಮುಖ್ಯ, ಘಮ ಹಾರಿಹೋಗೋದು ಹಬೆ ಜೊತೆನೇ. ಎಲೆ ಹಾಕಿ ಕುದಿಸ್ಬೇಡಿ, 5 ನಿಮಿಷ ದಾಟಿದ್ರೆ ಒಗರು ಏರಿ ಹಣ್ಣು ಎಲ್ಲೋ ಮುಳುಗಿಹೋಗುತ್ತೆ.

ನನಗೆ ಇಷ್ಟ ತಾಜಾ ಹಣ್ಣಲ್ಲಿ ಮಾಡೋದು. ಒಂದೊಂದು ಹಣ್ಣಿಗೂ ಒಂದೊಂದು ಹದ. ಕಿತ್ತಳೆ, ನಿಂಬೆಲಿ ಘಮ ಇರೋದು ಸಿಪ್ಪೆಯ ಮೇಲ್ಪದರದ ಎಣ್ಣೇಲಿ, ಹಾಗಾಗಿ ಚೆನ್ನಾಗಿ ತೊಳೆದು ಬಣ್ಣದ ಪದರ ಮಾತ್ರ ತೆಳ್ಳಗೆ ಹೆರೆದು ಎಲೆ ಜೊತೆ ಹಾಕಿ, ಕೆಳಗಿನ ಬಿಳಿ ಭಾಗ ಬಂದ್ರೆ ಕಹಿ. ರಸ ಏನಿದ್ರೂ ಸೋಸಿದ ಮೇಲೆ ಕೊನೆಗೆ, ಹಿಂಡ್ತಿದ್ದ ಹಾಗೇ ಟೀ ಬಣ್ಣ ಕಡುಕಂದಿನಿಂದ ಹೊಂಬಣ್ಣಕ್ಕೆ ತಿರುಗೋದನ್ನ ನೋಡ್ಬೇಕು, ಥಿಯಾರುಬಿಗಿನ್‌ಗಳಿಗೆ ಹುಳಿ ತಾಗಿದ್ರೆ ಬಣ್ಣ ತಿಳಿಯಾಗುತ್ತೆ, ಅದಕ್ಕೇ ಹಾಗೆ. ಸೇಬು ಬೇಗ ಬಿಟ್ಟುಕೊಡೋ ಹಣ್ಣಲ್ಲ, ಸಿಪ್ಪೆ ಸಮೇತ ಹೋಳು ಮಾಡಿ ನೀರಲ್ಲಿ 7-8 ನಿಮಿಷ ಸಣ್ಣ ಉರಿಲಿ ಕುದಿಸಿ, ಒಲೆ ಆರಿಸಿದ ಮೇಲೆ ಎಲೆ ಹಾಕಿ, ಒಂದು ಚೂರು ಚಕ್ಕೆ ಬಿದ್ರಂತೂ ಇನ್ನೂ ಚೆನ್ನ. ಬೆರ್ರಿಗಳನ್ನ ಚಮಚದ ಹಿಂಬದಿಲಿ ಜಜ್ಜಿ ಲೋಟದ ತಳಕ್ಕೆ ಹಾಕಿ ಮೇಲಿಂದ ಬಿಸಿ ಟೀ ಸುರಿದ್ರೆ ಸಾಕು. ಮಾವಿನ ತಿರುಳು ಬಿಸಿ ಟೀಲಿ ಕದಡಿ ಮಂಕಾಗಿ ಕಾಣುತ್ತೆ, ನನಗೆ ಅದು ಸರಿಹೋಗಲ್ಲ, ತಣ್ಣಗೆ ಕುಡಿಯೋದಾದ್ರೆ ಪರವಾಗಿಲ್ಲ. ಹುಳಿ ಹಣ್ಣು ಹಾಕಿದ ಟೀಗೆ ಹಾಲು ಮಾತ್ರ ಹಾಕ್ಬೇಡಿ, ಒಡೆದುಹೋಗುತ್ತೆ.

ತಣ್ಣಗೆ ಬೇಕು ಅನ್ನೋರಿಗೆ ಕೋಲ್ಡ್ ಬ್ರೂ ಅಷ್ಟು ಸುಲಭ ಬೇರೊಂದಿಲ್ಲ. 1 ಲೀಟರ್ ತಣ್ಣೀರಿಗೆ 8ರಿಂದ 10 ಗ್ರಾಂ ಎಲೆ, ಹೆಚ್ಚಿದ ಪೀಚ್ ಅಥವಾ ಕಿತ್ತಳೆ ಸಿಪ್ಪೆ, ರಾತ್ರಿ ಫ್ರಿಜ್ಜಲ್ಲಿಟ್ಟು ಬೆಳಗ್ಗೆ ಸೋಸಿದ್ರೆ ಒಗರೇ ಇಲ್ಲದ ನಯವಾದ ಟೀ. ಬಿಸಿ ಟೀನ ಫ್ರಿಜ್ಜಿಗಿಟ್ಟಾಗ ಮೋಡ ಕಟ್ಟಿದ ಹಾಗೆ ಆಗುತ್ತಲ್ಲ, ಅದು ಕೆಡೋದಲ್ಲ, ಕೆಫೀನೂ ಥಿಯಾಫ್ಲೇವಿನ್‌ಗಳೂ ತಣ್ಣಗಾದಾಗ ಒಂದಕ್ಕೊಂದು ಅಂಟ್ಕೊಂಡು ಹಾಗಾಗುತ್ತೆ, ಸ್ವಲ್ಪ ಬಿಸಿನೀರು ಸೇರಿಸಿದ್ರೆ ತಿಳಿಯಾಗುತ್ತೆ. ತಾಜಾ ಹಣ್ಣು ಬಿದ್ದ ಟೀನ ಫ್ರಿಜ್ಜಲ್ಲಿದ್ರೂ ಒಂದು ದಿನದೊಳಗೆ ಮುಗಿಸಿ.

ಫ್ಲೇವರ್ ಟೀನ ಗಾಳಿಯಾಡದ ಡಬ್ಬೀಲಿ, ಬಿಸಿಲು ತಾಗದ ಕಡೆ, ಬೇರೆ ಟೀಗಳಿಂದ ದೂರ ಇಡಿ. ಎಣ್ಣೆಯ ಘಮ ಎಲೆಗಿಂತ ಬೇಗ ಹೋಗುತ್ತೆ, ಹಾಗಾಗಿ ದೊಡ್ಡ ಪ್ಯಾಕೆಟ್ ಬೇಡ, ಸಣ್ಣದು ತಗೊಂಡು ಕೆಲವೇ ತಿಂಗಳಲ್ಲಿ ಮುಗಿಸೋದು ವಾಸಿ. ಮೊದಲ ಸಲ ಮಾಡೋರು ಕಿತ್ತಳೆ ಸಿಪ್ಪೆಯಿಂದ ಶುರು ಮಾಡಿ, ಯಾವ ಹಣ್ಣು ಯಾವ ಎಲೆಗೆ ಕೂಡಿಬಂತು ಅಂತ ಕಾಮೆಂಟಲ್ಲಿ ಬರೀರಿ, ನನಗೂ ಹೊಸದು ಗೊತ್ತಾಗಲಿ.