32ರಿಂದ 45ಕ್ಕೆ: ಹಬೆ ಎಂಜಿನ್ನಿನ ಕಾಲು ಅಗಲ ಮಾಡುವ ಕೆಲಸ

ಜೂನ್, ಎರಡನೇ ಭಾನುವಾರ

ಎಂಜಿನ್ ಪೂರ್ತಿ ಬಿಚ್ಚಿದ್ದಾಯಿತು. ಸ್ಕ್ರೂಗಳು ಬೆರೆಯಬಾರದು ಅಂತ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿಟ್ಟಿದ್ದೇನೆ. ಮುಂದಿನ ಆಕ್ಸಲಿನವು ಒಂದರಲ್ಲಿ, ಹಿಂದಿನವು ಇನ್ನೊಂದರಲ್ಲಿ, ಸಿಲಿಂಡರಿನವು ಮತ್ತೊಂದರಲ್ಲಿ. ಅಮ್ಮ ಬಂದು ನೋಡಿ, "ಅಂದ್ರೆ ನಾಳೆ ಇಡ್ಲಿ ಇಲ್ಲ" ಅಂದ್ರು.

ಇದು ನಾಲ್ಕು ಚಕ್ರದ, ನಿಜವಾದ ಹಬೆಯಲ್ಲೇ ಓಡುವ ಪುಟ್ಟ ಮಾದರಿ ರೈಲು ಎಂಜಿನ್. ಹೊಟ್ಟೆಯಲ್ಲಿ ಗ್ಯಾಸ್ ಬರ್ನರ್, ಮೇಲೆ ತಾಮ್ರದ ಬಾಯ್ಲರ್, ಎರಡೂ ಬದಿಗೆ ತೂಗಾಡುವ ಸಿಲಿಂಡರ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 32 ಮಿ.ಮೀ. ಹಳಿಯದ್ದು, ಅಂದರೆ ಎರಡು ಹಳಿಗಳ ನಡುವಿನ ಅಂತರ (ಗೇಜ್) ಅಷ್ಟು. ಅದನ್ನು 45 ಮಿ.ಮೀ. ಹಳಿಗೆ ಕೂರಿಸಬೇಕು.

ಯಾಕೆ ಅಂತ ಹೇಳಿಬಿಡುತ್ತೇನೆ. ಈ ಮಾದರಿಯಲ್ಲಿ ನಿಜದ ಒಂದು ಅಡಿಗೆ 16 ಮಿ.ಮೀ. ಲೆಕ್ಕ. 32 ಮಿ.ಮೀ. ಅಂದರೆ ಎರಡಡಿ, ಅಂದರೆ ಡಾರ್ಜಿಲಿಂಗ್ ರೈಲು, ಮಾಥೇರಾನ್ ರೈಲು. ನಮ್ಮದು ಚಿಕ್ಕಬಳ್ಳಾಪುರ. ಯಲಹಂಕದಿಂದ ನಂದಿ ಹಾಲ್ಟ್ ಮೇಲೆ ಇಲ್ಲಿಗೆ ಬಂದು, ಕೋಲಾರದ ಮೇಲೆ ಬಂಗಾರಪೇಟೆಗೆ ಹೋಗುತ್ತಿದ್ದ ನ್ಯಾರೋ ಗೇಜ್ ಎರಡೂವರೆ ಅಡಿ, 762 ಮಿ.ಮೀ. ಲೆಕ್ಕ ಹಾಕಿದರೆ ಮಾದರಿಯಲ್ಲಿ ಸರಿಯಾಗಿ 40 ಮಿ.ಮೀ. ಬರುತ್ತದೆ. ನಾನು ಹುಡುಕಿದ ಕಡೆಯೆಲ್ಲ ಸಿಕ್ಕಿದ್ದು 32 ಅಥವಾ 45, ನಡುವಿನದು ಇಲ್ಲ. 45 ಅಂದರೆ ನಿಜದಲ್ಲಿ 857 ಮಿ.ಮೀ., ನಮ್ಮ ರೈಲಿಗಿಂತ 95 ಹೆಚ್ಚು. 32 ಇಟ್ಟುಕೊಂಡರೆ 152 ಕಡಿಮೆ. ಎರಡೂ ಸುಳ್ಳೇ, 45 ಸ್ವಲ್ಪ ಹತ್ತಿರದ ಸುಳ್ಳು.

ಇನ್ನೊಂದು ಕಾರಣಕ್ಕೆ ಲೆಕ್ಕಾಚಾರ ಬೇಕಿಲ್ಲ. ಹೋದ ಆಷಾಢದ ಗಾಳಿಗೆ ಇದು ಟೆರೇಸಿನ ತಿರುವಿನಲ್ಲಿ ಮಗುಚಿ ಬಿದ್ದು ಚಿಮಣಿ ಸೊಟ್ಟಗಾಗಿತ್ತು. ನೀರು ತುಂಬಿದ ಬಾಯ್ಲರ್ ಅಷ್ಟು ಎತ್ತರದಲ್ಲಿ, ಕಾಲು ಮಾತ್ರ ಕಿರಿದು.

ಜೂನ್, ಕೊನೆಯ ವಾರ

ಅಳತೆ. ಗೇಜ್ 13 ಮಿ.ಮೀ. ಹೆಚ್ಚಾದರೂ ಚಕ್ರ ಸರಿಸುವುದು 12 ಮಾತ್ರ. ಚಕ್ರದ ಒಳಮೈಯಿಂದ ಒಳಮೈಗೆ 32ರ ಹಳಿಗೆ 28 ಇರಬೇಕು, 45ರ ಹಳಿಗೆ 40. ಅಂದರೆ ಒಂದೊಂದು ಬದಿಗೆ 6 ಮಿ.ಮೀ. ಕೇಳುವುದಕ್ಕೆ ಏನೂ ಅಲ್ಲ, ಒಂದು ಪೆನ್ಸಿಲ್ ದಪ್ಪವೂ ಇಲ್ಲ.

ಫ್ರೇಮ್ ಚಕ್ರಗಳ ಹೊರಗಿದ್ದ ಎಂಜಿನ್ ಆಗಿದ್ದರೆ ಚಕ್ರವನ್ನು ಆಕ್ಸಲಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲಿಸಿ, ಚಕ್ರ ಜರುಗಿಸಿ, ಸಂಜೆ ಕಾಫಿ ಹೊತ್ತಿಗೆ ಮುಗಿಸಬಹುದಿತ್ತು. ನನ್ನದು ಒಳ ಫ್ರೇಮಿನದು. ಚಕ್ರ ಹೊರಗೆ ಬಂದರೆ ಅದನ್ನು ತಿರುಗಿಸಲು ಚಕ್ರದಲ್ಲೇ ನೆಟ್ಟ ಕ್ರ್ಯಾಂಕ್ ಪಿನ್ ಬರುತ್ತದೆ, ಮುಂದಿನ ಹಿಂದಿನ ಚಕ್ರ ಜೋಡಿಸುವ ಕಪ್ಲಿಂಗ್ ರಾಡ್ ಬರುತ್ತದೆ, ಅದನ್ನು ತಳ್ಳುವ ಸಿಲಿಂಡರೂ ಬರಲೇಬೇಕು. ಸಿಲಿಂಡರ್ ಬಂದರೆ ಹಬೆಯ ಕೊಳವೆ ಸಾಲುವುದಿಲ್ಲ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯವರು ಏಳಡಿ ಗೇಜನ್ನು 1892ರಲ್ಲಿ ಪೂರ್ತಿ ಕೈಬಿಡುವ ಮೊದಲೇ, ಆಮೇಲೆ ಚಕ್ರ ಫ್ರೇಮಿನ ಒಳಗೆ ತಂದುಕೊಳ್ಳಲು ಬರುವಂಥ ಎಂಜಿನ್‌ಗಳನ್ನು ಕಟ್ಟಿಟ್ಟುಕೊಂಡಿದ್ದರು. ನನ್ನ ಎಂಜಿನ್ ಮಾಡಿದವರಿಗೆ ಅಂಥ ಯೋಚನೆ ಇದ್ದ ಗುರುತು ಎಲ್ಲೂ ಕಾಣುವುದಿಲ್ಲ.

ಜುಲೈ, ಮೊದಲ ಶನಿವಾರ

ಶಿಡ್ಲಘಟ್ಟ ರಸ್ತೆ ಕಡೆಯ ಒಂದು ಲೇತ್ ಅಂಗಡಿ. ರೇಷ್ಮೆ ರೀಲಿಂಗ್ ಯಂತ್ರದ ಶಾಫ್ಟು, ಬೋರ್‌ವೆಲ್ ಮೋಟರಿನ ಬುಷ್ಷು, ಇಂಥ ಕೆಲಸಗಳ ಮಧ್ಯೆ ನನ್ನ 5 ಮಿ.ಮೀ. ದಪ್ಪದ ಸಿಲ್ವರ್ ಸ್ಟೀಲ್ ಕಡ್ಡಿ. ಮೇಸ್ತ್ರಿ ಅದನ್ನು ಬೆರಳಲ್ಲಿ ಹಿಡಿದು, "ಇದು ಯಾವ ಮಿಷಿನ್ದು ಸಾರ್?" ಅಂದರು. ರೈಲಿಂದು ಅಂದೆ. ನಕ್ಕರು, ಆದರೆ ಆಮೇಲೆ ವರ್ನಿಯರ್ ಹಿಡಿದು ಕೂತ ಗಾಂಭೀರ್ಯ ನೋಡಬೇಕಿತ್ತು.

ಹಳೆಯ ಆಕ್ಸಲ್ 40 ಮಿ.ಮೀ. ಉದ್ದ, ಹೊಸದು 52 ಆಗಬೇಕು. ನಾನು ಚೀಟಿಯಲ್ಲಿ 50 ಅಂತ ಬರೆದುಕೊಟ್ಟಿದ್ದೆ. ಕತ್ತರಿಸಿಯೂ ಆಯಿತು. "ಉದ್ದ ಇದ್ರೆ ಕಮ್ಮಿ ಮಾಡ್ಬೋದು ಸಾರ್, ಗಿಡ್ಡ ಆದ್ರೆ ಎಳೆಯೋಕಾಗುತ್ತಾ?" ಪುಣ್ಯಕ್ಕೆ ಕಡ್ಡಿ ಇನ್ನೂ ಉಳಿದಿತ್ತು. ಎರಡು ಆಕ್ಸಲ್, ಫ್ರೇಮಿಗೂ ಚಕ್ರಕ್ಕೂ ನಡುವೆ ಕೂರಲು 6 ಮಿ.ಮೀ.ನ ನಾಲ್ಕು ಹಿತ್ತಾಳೆ ಬುಷ್. ಈ ಬುಷ್ ಇಲ್ಲದಿದ್ದರೆ ಇಡೀ ಎಂಜಿನ್ ಆಕ್ಸಲ್ ಮೇಲೆ ಆ ಕಡೆ ಈ ಕಡೆ ಓಲಾಡುತ್ತದೆ.

ಜುಲೈ ಪೂರ್ತಿ

ಕ್ರ್ಯಾಂಕ್ ಕೂರಿಸುವುದು. ತಿಂಗಳು ತಿಂದದ್ದು ಇದೇ.

ಹಬೆ ಎಂಜಿನ್ನಿನಲ್ಲಿ ಎಡಗಡೆ ಕ್ರ್ಯಾಂಕ್ ಪಿನ್ನಿಗೂ ಬಲಗಡೆಯದಕ್ಕೂ 90 ಡಿಗ್ರಿ ವ್ಯತ್ಯಾಸ ಇಡುತ್ತಾರೆ. ಒಂದು ಬದಿಯ ಪಿಸ್ಟನ್ ತುದಿಗೆ ಹೋಗಿ ಬಲ ಕಳೆದುಕೊಂಡಾಗ ಇನ್ನೊಂದು ಬದಿಯದು ಮಧ್ಯದಲ್ಲಿ ಪೂರ್ತಿ ಜೋರಲ್ಲಿರಲಿ ಅಂತ. ಹಳೆಯ ಆಕ್ಸಲಿನಿಂದ ಚಕ್ರ ಕಿತ್ತ ಕ್ಷಣ ಆ ಹೊಂದಾಣಿಕೆ ಹೋಯಿತು. ನಾಲ್ಕು ಚಕ್ರವನ್ನೂ ಹೊಸದಾಗಿ ಕೂರಿಸಬೇಕು.

ಮೊದಲ ಸಲ ಕಣ್ಣಂದಾಜಲ್ಲಿ ಕೂರಿಸಿ, ಲೋಹ ಹಿಡಿಸುವ ಅಂಟು ಲಾಕ್‌ಟೈಟ್ ಹಾಕಿದೆ. ನನ್ನ ಕಣ್ಣಿನ ಮೇಲೆ ನನಗೆ ಅಷ್ಟು ನಂಬಿಕೆ. ಕಪ್ಲಿಂಗ್ ರಾಡ್ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದರೆ ಮುಕ್ಕಾಲು ಸುತ್ತು ಬೆಣ್ಣೆ, ಆಮೇಲೆ ಗಕ್ಕನೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಲಾಕ್‌ಟೈಟ್ ಕಚ್ಚಿಕೊಂಡಿತ್ತು. ಬ್ಲೋ ಟಾರ್ಚಿನಲ್ಲಿ ಕಾಯಿಸಿ ಬಿಡಿಸಬೇಕಾಯಿತು. ಎರಡನೇ ಸಲವೂ ಅದೇ ಕಥೆ, ಸ್ವಲ್ಪ ಕಡಿಮೆ ಬಿಗಿ.

ಮೂರನೇ ಸಲಕ್ಕೆ ಬುದ್ಧಿ ಬಂತು. ದಪ್ಪ ಅಲ್ಯೂಮಿನಿಯಂ ಆಂಗಲ್ ತುಂಡಿನಲ್ಲಿ ಒಂದು ಜಿಗ್, ಅಂದರೆ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಅಚ್ಚು, ಮಾಡಿದೆ. ಆಕ್ಸಲ್ ಕೂರಲು ಒಂದು ಕಾಲುವೆ, ಎಡಗಡೆ ಪಿನ್ ನೆಟ್ಟಗೆ ಮೇಲಕ್ಕೆ ನಿಲ್ಲಲು ಒಂದು ತಡೆ, ಬಲಗಡೆಯದು ಅಡ್ಡಕ್ಕೆ ನಿಲ್ಲಲು ಇನ್ನೊಂದು. ಎರಡು ಆಕ್ಸಲನ್ನೂ ಅದೇ ಜಿಗ್ಗಿನಲ್ಲಿ, ಅದೇ ದಿಕ್ಕಿನಲ್ಲಿ ಇಟ್ಟು ಕೂರಿಸಿದೆ. ಜಿಗ್ ನಿಖರವಾಗಿ 90 ಇರಲಿಲ್ಲ, ಅಳೆದಾಗ 89ರ ಆಸುಪಾಸು ಇತ್ತು. ಅದರಿಂದ ಏನೂ ಆಗುವುದಿಲ್ಲ. ಮುಂದಿನದೂ ಹಿಂದಿನದೂ ಒಂದೇ ತಪ್ಪನ್ನು ಮಾಡಿದ್ದರೆ ಸಾಕು, ರಾಡ್ ತಕರಾರು ಮಾಡದೆ ತಿರುಗುತ್ತದೆ. ಒಂದು 90 ಇದ್ದು ಇನ್ನೊಂದು 88 ಆದರೆ ಮಾತ್ರ ಜಗಳ. ಇದು ಮೊದಲೇ ಹೊಳೆದಿದ್ದರೆ ಎರಡು ವಾರ ಉಳಿಯುತ್ತಿತ್ತು.

ಆಗಸ್ಟ್

ಸಿಲಿಂಡರ್. ಹಬೆಯ ದಾರಿ ತೆರೆದು ಮುಚ್ಚುವ ವಾಲ್ವ್ ಗೇರ್ ಇಲ್ಲದ ತೂಗಾಡುವ ಸಿಲಿಂಡರ್ ಆದ್ದರಿಂದ ಬದುಕಿಕೊಂಡೆ. ಫ್ರೇಮಿಗೂ ಹಬೆಯ ಬ್ಲಾಕಿಗೂ ನಡುವೆ 6 ಮಿ.ಮೀ. ಹಿತ್ತಾಳೆ ಪಟ್ಟಿ. ಬಿಚ್ಚಿದ್ದೇ ಆಗಿದೆ ಅಂತ ಬ್ಲಾಕಿನ ಮುಖವನ್ನೂ ಕಿಟಕಿ ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಹಾಸಿ ಎಂಟರ ಆಕಾರದಲ್ಲಿ ಉಜ್ಜಿದೆ. ಸಿಲಿಂಡರ್ ಈ ಮುಖದ ಮೇಲೆಯೇ ತೂಗಾಡುವುದು, ಚಪ್ಪಟೆ ಇಲ್ಲದಿದ್ದರೆ ಹಬೆ ಅಲ್ಲೇ ಸೋರುತ್ತದೆ. ತಾಮ್ರದ ಕೊಳವೆಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿಕೊಂಡು ಹೊಸ ತಿರುವು ಕೊಟ್ಟೆ. ಒಂದು ಕೊಳವೆ ಮುರಿಯಿತು, ಬದಲಿಸಿದೆ.

ಗೌರಿ ಹಬ್ಬದ ಮರುವಾರ

ಮೊದಲು ಸೈಕಲ್ ಪಂಪಿನ ಗಾಳಿ. ಚಕ್ರ ಮೇಲಕ್ಕೆ ಮಾಡಿ ಹಿಡಿದು ಪಂಪ್ ಹೊಡೆದರೆ ಟಕಟಕ ಅಂತ ತಿರುಗಿತು. ಆಮೇಲೆ ಹಬೆ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಪಾತ್ರೆಯ ತಳದ ಹಾಗೆ ಬಾಯ್ಲರಿನಲ್ಲೂ ಬಿಳಿ ಪಕ್ಕು ಕಟ್ಟುತ್ತದೆ. ಹಾಗಾಗಿ ಹಿಡಿದಿಟ್ಟ ಮಳೆ ನೀರು, ಬಟ್ಟೆಯಲ್ಲಿ ಸೋಸಿ. ಹತ್ತು ನಿಮಿಷಕ್ಕೆ ಸೇಫ್ಟಿ ವಾಲ್ವ್ ಉಸಿರು ಬಿಟ್ಟಿತು.

ಟೆರೇಸಿನಲ್ಲಿ 45ರ ಹಳಿ ವೃತ್ತ ಹಾಸಿದ್ದೇನೆ, ಎರಡು ನೇರ ತುಂಡು ಸೇರಿಸಿ. ತಿರುವಿನ ತ್ರಿಜ್ಯ 60 ಸೆಂ.ಮೀ. ನೇರದಲ್ಲಿ ಎಂಜಿನ್ ಚೆನ್ನಾಗಿ ಹೋಯಿತು, ತಿರುವಿಗೆ ಬಂದ ಕೂಡಲೇ ದಣಿಯಿತು. ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಎರಡು ಚಕ್ರ ತಮ್ಮ ಪಾಡಿಗೆ ತಿರುಗುತ್ತವೆ. ರೈಲಿನಲ್ಲಿ ಚಕ್ರವೂ ಆಕ್ಸಲೂ ಒಂದೇ. ಪೂರ್ತಿ ಸುತ್ತಿನಲ್ಲಿ ಹೊರ ಹಳಿ ಒಳ ಹಳಿಗಿಂತ 32ರಲ್ಲಿ ಸುಮಾರು 201 ಮಿ.ಮೀ. ಉದ್ದ, 45ರಲ್ಲಿ 283. ಚಕ್ರದ ಮೈಯ ಇಳಿಜಾರು ಅದರಲ್ಲಿ ಸ್ವಲ್ಪ ಸರಿದೂಗಿಸುತ್ತದೆ, ಉಳಿದದ್ದನ್ನು ಜಾರಿಯೇ ತೀರಿಸಬೇಕು. ಗಾಳಿಗೆ ಬೀಳುವುದಿಲ್ಲ, ಅದಕ್ಕೆ ಬದಲಾಗಿ ಈ ತೆರಿಗೆ. ಒಪ್ಪಿದೆ. ಸಿಲಿಂಡರಿಗೆ ಹಬೆ ಬಿಡುವ ರೆಗ್ಯುಲೇಟರ್ ಒಂದು ಚೂರು ಹೆಚ್ಚು ತೆರೆದರೆ ಸರಿ.

ಅಮ್ಮ ಮೆಟ್ಟಿಲ ಹತ್ತಿರ ನಿಂತು ನಾಲ್ಕು ಸುತ್ತು ನೋಡಿದರು. "ಆ ರೈಲೂ ಹಿಂಗೇ, ತಿರುವಲ್ಲಿ ಏದುಸಿರು ಬಿಡ್ತಿತ್ತು" ಅಂದರು. ಕೋಲಾರದ ಕಡೆಯ ಹಳಿ 2013ರಲ್ಲಿ 1676 ಮಿ.ಮೀ. ಬ್ರಾಡ್ ಗೇಜ್ ಆಗಿ ಮತ್ತೆ ಶುರುವಾದಾಗ ಹೋಗಿ ಬಂದಿದ್ದರು. ಈಗಿನ ರೈಲು ಅವರಿಗೆ ಬಸ್ಸಿನ ಹಾಗೆ ಅನಿಸುತ್ತದಂತೆ.

ಆಯುಧಪೂಜೆ

ಕುಂಕುಮ ಹಚ್ಚಿ, ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ದೊಡ್ಡದಾಯಿತು ಅಂತ ಎರಡು ನೆಲ್ಲಿಕಾಯಿ ಇಟ್ಟೆವು. ಎಂಜಿನ್ ಅದನ್ನೂ ಹತ್ತಲಿಲ್ಲ, ಕೈಯಲ್ಲಿ ತಳ್ಳಿದೆ.

ಪೂಜೆ ಮುಗಿಸಿ ಗಾಡಿ ಜೋಡಿಸಲು ಹೋದಾಗ ನೆನಪಾಯಿತು: ನನ್ನ ಆರೂ ಗಾಡಿಗಳು ಇನ್ನೂ 32ರವು. ಬ್ರಾಡ್ ಗೇಜೂ ನ್ಯಾರೋ ಗೇಜೂ ಕೂಡುತ್ತಿದ್ದ ಬಂಗಾರಪೇಟೆಯಲ್ಲಿ ಸಾಮಾನನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕಿತ್ತು. ನಮ್ಮ ಟೆರೇಸಿನಲ್ಲೂ ಈಗ ಅದೇ ಸ್ಥಿತಿ. 12 ಆಕ್ಸಲ್ ಬೇಕು. ಗಾಡಿಗಳಿಗೆ ಕ್ರ್ಯಾಂಕ್ ಇಲ್ಲ, ಅದೊಂದು ಸಮಾಧಾನ. ಸೋಮವಾರ ಮೇಸ್ತ್ರಿ ಹತ್ತಿರ ಹೋಗುತ್ತೇನೆ, ಈ ಸಲ ಚೀಟಿಯನ್ನು ಎರಡು ಸಲ ಓದಿ.